‘ಇಂದ’ ನಡೆದು ಬಂದ ದಾರಿ

ದೊಡ್ಡಬಳ್ಳಾಪುರದಿಂದ ತಂದ ಸೀರೆ, ರೇಷ್ಮೆಯಿಂದ ನೇಯ್ದ ಸೀರೆ, ಮಗ್ಗದಿಂದ ಬಂದ ವರಮಾನ, ಮಳೆಯಿಂದ ನಿಂತ ಕೆಲಸ, ಬೆಳಗ್ಗೆಯಿಂದ ಕಾದ ಗಿರಾಕಿ. ಹೊರಟ ಊರು, ಬಳಸಿದ ವಸ್ತು, ಮೂಲ, ಕಾರಣ, ಕಾಲ ಎಲ್ಲಕ್ಕೂ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಈ ಹೊರೆಯನ್ನು ‘ಫ್ರಮ್’, ‘ಬೈ’, ‘ವಿತ್’, ‘ಸಿನ್ಸ್’ ಹಂಚಿಕೊಳ್ಳುತ್ತವೆ. ಅವುಗಳಲ್ಲಿ ‘ಬೈ’ಗೆ ಮೊದಲಿದ್ದ ಅರ್ಥ ‘ಹತ್ತಿರ’. ‘ಮಾಡಿದವನು ಇವನು’ ಎಂದು ತೋರಿಸುವ ಕೆಲಸ ಅದಕ್ಕೆ ಆಮೇಲೆ ಬಂದದ್ದು.

ಇಷ್ಟು ದುಡಿಯುವ ಪ್ರತ್ಯಯಕ್ಕೆ ನಮ್ಮ ವ್ಯಾಕರಣ ಸರಿಯಾದ ಜಾಗ ಕೊಟ್ಟಿತೇ?

13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತದ ಜಾಡಿನಲ್ಲೇ ಏಳು ವಿಭಕ್ತಿಗಳನ್ನು ಹೇಳಿದ. ತೃತೀಯೆಗೆ ‘ಇಂ’, ಪಂಚಮಿಗೆ ‘ಅತ್ತಣಿಂ’. ಎರಡನೆಯದರ ಕೊನೆಯಲ್ಲಿ ಕುಳಿತಿರುವುದೂ ಅದೇ ‘ಇಂ’. ಶಾಲೆಯ ಪಟ್ಟಿಯಲ್ಲಿ ಅದರ ಜಾಗಕ್ಕೆ ‘ದೆಸೆಯಿಂದ’ ಬಂದಿದೆ. ಆದರೆ ‘ಹೊಸಕೋಟೆಯ ದೆಸೆಯಿಂದ ಬಂದೆ’ ಎಂದು ಯಾರೂ ಹೇಳುವುದಿಲ್ಲ. ‘ಹೊಸಕೋಟೆಯಿಂದ ಬಂದೆ’ ಅನ್ನುತ್ತಾರೆ. ಏಳರ ಲೆಕ್ಕ ತುಂಬಿಸಲೆಂದೇ ಪಂಚಮಿ ಉಳಿದುಕೊಂಡಿದೆ ಎನ್ನದೆ ವಿಧಿಯಿಲ್ಲ.

1604ರಲ್ಲಿ ಭಟ್ಟಾಕಳಂಕ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತ ಸೂತ್ರಗಳಲ್ಲೇ ಬರೆದ. ಮಿಷನರಿಗಳ ಕಾಲದಲ್ಲಿ ಆಡುಮಾತಿಗೂ ವ್ಯಾಕರಣದಲ್ಲಿ ಎಡೆ ಸಿಕ್ಕಿತು: ವಿಲಿಯಂ ಕೇರಿಯ ವ್ಯಾಕರಣ 1817ರದು, ಕಿಟ್ಟೆಲರದು 1903ರದು.

ದೊಡ್ಡ ತಿರುವು ಶಾಸನಗಳಿಂದ ಬಂತು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ದೇವನಹಳ್ಳಿ, ನೆಲಮಂಗಲ, ಹೊಸಕೋಟೆ, ದೊಡ್ಡಬಳ್ಳಾಪುರ ತಾಲ್ಲೂಕುಗಳ ಕಲ್ಲುಗಳೂ ಮಾತಾಡಿದವು. ಎ.ಎನ್. ನರಸಿಂಹಯ್ಯ (1941), ಜಿ.ಎಸ್. ಗಾಯಿ (1946) ಇಂಥ ಬರಹಗಳನ್ನೇ ಆಧಾರವಾಗಿಟ್ಟುಕೊಂಡು ಪ್ರತ್ಯಯಗಳ ಚರಿತ್ರೆ ಬರೆದರು. ಸಪ್ತಮಿಯ ಹಾದಿ ಆಗ ನಿಚ್ಚಳವಾಯಿತು: ಹಲ್ಮಿಡಿ ಶಾಸನದ ‘ನಾಡುಳ್’ನಲ್ಲಿರುವ ‘ಉಳ್’ ಮುಂದೆ ‘ಒಳ್’ ಆಯಿತು, ಅದರ ಬಳಗದ ‘ಒಳಗೆ’ ಇಂದಿಗೂ ಜೀವಂತ. ಹಳ್ಳಿಯವರು ‘ಊರಾಗೆ’ ಎಂದಾಗ ಕೇಳುವುದು ಅದರದೇ ಸವೆದ ರೂಪ. ಬರಹದ ‘ಅಲ್ಲಿ’ಯಾದರೋ ದೂರದ ಜಾಗವನ್ನು ತೋರಿಸುತ್ತಿದ್ದ ಸ್ವತಂತ್ರ ಪದ.

ಡಿ.ಎನ್. ಶಂಕರ ಭಟ್ಟರು (1935–2023) ಪ್ರಶ್ನೆಯನ್ನು ಬುಡಕ್ಕೇ ಒಯ್ದರು. ಸಂಸ್ಕೃತದ ಏಳು ವಿಭಕ್ತಿಗಳ ಚೌಕಟ್ಟು ಕನ್ನಡಕ್ಕೆ ಹೊಂದುವುದಿಲ್ಲ ಎಂಬ ಅವರ ವಾದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಪುಸ್ತಕದಲ್ಲಿದೆ. ಸಂಸ್ಕೃತ ಪದಗಳ ಬದಲಿಗೆ ಅವರು ಕಟ್ಟಿದ ಹೊಸ ಪದಗಳನ್ನು ಒಪ್ಪದವರಿಗೂ ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ.

ಪಟ್ಟಿಗೆ ಸಿಗದ ಪ್ರಯೋಗಗಳು ಇನ್ನೂ ಎಷ್ಟೋ ಇವೆ. ‘ಈ ಬಸ್ಸು ನೆಲಮಂಗಲದ ಮೇಲೆ ಹೋಗುತ್ತಾ?’ ಎಂಬ ಪ್ರಶ್ನೆಯಲ್ಲಿ ‘ಮೇಲೆ’ಗೆ ಎತ್ತರದ ಸಂಬಂಧವೇ ಇಲ್ಲ, ಅದು ದಾರಿಯನ್ನು ಹೇಳುತ್ತಿದೆ. ಕನ್ನಡ ಮೇಷ್ಟ್ರುಗಳು ವಿಭಕ್ತಿ ಪಟ್ಟಿ ಬಾಯಿಪಾಠ ಮಾಡಿಸುವ ಮೊದಲು ಇಂಥ ಮಾತುಗಳನ್ನು ಮಕ್ಕಳಿಂದಲೇ ಕೇಳಿ ಕಪ್ಪುಹಲಗೆಯ ಮೇಲೆ ಬರೆಯಲಿ.