ಕೊಳಗ ಯಾರ ಕೈಯಲ್ಲಿತ್ತು?

ಮೊನ್ನೆ ಶಿರಾಳಕೊಪ್ಪದ ಹತ್ತಿರ ಒಂದೂರಲ್ಲಿ ಹೆಣ್ಣುಮಕ್ಕಳಿಗೆ ಉಳಿತಾಯದ ತರಬೇತಿ ಇತ್ತು. ನಾನೂ ಹೋಗಿದ್ದೆ. ಬಂದಿದ್ದ ಸಾಹೇಬರು ಬೋರ್ಡಿನ ಮೇಲೆ ಗೆರೆ ಎಳೆದು, ಈ ಕಡೆ ಆದಾಯ ಆ ಕಡೆ ಖರ್ಚು ಅಂತ ಬರೆದು, "ದುಂದುವೆಚ್ಚ ಬಿಡ್ರಮ್ಮ, ದಿನಾ ಲೆಕ್ಕ ಬರೀರಿ" ಅಂದರು. ಹಿಂದೆ ಕೂತಿದ್ದ ನಮ್ಮ ಕೇರಿಯ ಅಜ್ಜಿಯೊಬ್ಬಳು ಎದ್ದು ಕೇಳಿದಳು: "ದುಂದು ಮಾಡಾಕೆ ನಮ್ಮ ಹತ್ರ ಏನಿತ್ತು ಸ್ವಾಮಿ? ನಾವು ಲೆಕ್ಕ ತಪ್ಪಿಲ್ಲ. ಅಳೆಯೋರು ತಪ್ಪಿಸಿದ್ರು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಒಂದು ಮಾತಲ್ಲಿ ನಮ್ಮ ಸೀಮೆಯ ಎಪ್ಪತ್ತು ವರ್ಷದ ಚರಿತ್ರೆ ಇದೆ. ಅದನ್ನೇ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

1951ರಲ್ಲಿ ಸೊರಬದ ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ನಡೆಯಿತು. ಯಾತಕ್ಕೆ? ಕೊಳಗಕ್ಕೆ. ಕೊಳಗ ಅಂದ್ರೆ ಭತ್ತ ಅಳೆಯೋ ಪಾತ್ರೆ. ಗೇಣಿ ಅಳೆದುಕೊಳ್ಳುವಾಗ ಒಡೆಯರು ಇರಬೇಕಾದ್ದಕ್ಕಿಂತ ದೊಡ್ಡ ಕೊಳಗ ಇಡುತ್ತಿದ್ದರು. ಎಚ್. ಗಣಪತಿಯಪ್ಪನವರು ಗೇಣಿದಾರರ ಸಂಘ ಕಟ್ಟಿ, ಅಳತೆ ಸರಿ ಮಾಡಿ ಅಂದರು. ಸಮಾಜವಾದಿಗಳು ಕೈಜೋಡಿಸಿದರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಇದೆಲ್ಲ ಪುಸ್ತಕಗಳಲ್ಲಿದೆ. ಆದರೆ ಒಂದು ಮಾತು ಗಮನಿಸಿ. ಆ ಗೇಣಿದಾರರ ಮನೆಗಳಲ್ಲಿ ಸಂಸಾರ ತೂಗಿಸಲು ಬಾರದ ಹೆಂಗಸರಿದ್ದರು ಅಂತ ಯಾರೂ ಹೇಳಲಿಲ್ಲ. ಪಾತ್ರೆಯೇ ಸುಳ್ಳಾಗಿದ್ದಾಗ ಎಷ್ಟು ಹಿಡಿತದಲ್ಲಿ ಬದುಕಿದರೇನು?

ಕಾಗೋಡಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಅವರ ಹೋರಾಟಕ್ಕೆ ಫಲ ಸಿಕ್ಕಿತು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಅರ್ಜಿ ಹಾಕಿದ ಗೇಣಿದಾರರು ಹೊಲದೊಡೆಯರಾದರು. ನನಗೆ ಅದರ ಬಗ್ಗೆ ಸಂತೋಷವೇ. ಆದರೆ ಅರ್ಜಿ ಹಾಕಲು ನೀವು ಗೇಣಿದಾರ ಆಗಿರಬೇಕು. ನಮ್ಮವರಲ್ಲಿ ಬಹಳ ಮಂದಿ ಕೂಲಿಯಾಳು, ಜೀತದಾಳು. ಅವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಉಳುವವನೇ ಹೊಲದೊಡೆಯ ಅಂದಾಗ, ನೇಗಿಲ ಹಿಂದೆ ಕೂಲಿಗೆ ನಡೆದವನು ಲೆಕ್ಕಕ್ಕೆ ಬರಲಿಲ್ಲ.

ಹಾಗಾದರೆ ಭೂಮಿ ಇಲ್ಲದ ಮನೆಗಳು ಬದುಕಿದ್ದು ಹೇಗೆ?

ನಮ್ಮಜ್ಜಿ ಸೊರಬದ ಕಡೆ ಹುಟ್ಟಿ ಶಿಕಾರಿಪುರದ ಕಡೆಗೆ ಮದುವೆಯಾಗಿ ಬಂದವಳು. ಅವಳು ಹೇಳೋಳು, ಆಷಾಢ ಶ್ರಾವಣ ದಾಟಿದ್ರೆ ವರ್ಷ ದಾಟಿದಂಗೆ ಅಂತ. ಮಳೆ ಹಿಡಿದರೆ ಕೂಲಿ ಇಲ್ಲ. ಕೆಸುವಿನ ಸೊಪ್ಪು, ಕಳಲೆ, ಅಣಬೆ, ಗದ್ದೆಯ ಏಡಿ, ಇವೇ ಮನೆ ತೂಗಿಸಿದ್ದು. ಅಕ್ಕಿ ಮುಗಿದರೆ ಎರಡು ದಾರಿ. ಒಂದು, ಪಕ್ಕದ ಮನೆಯಿಂದ ಕೈಗಡ: ಸೇರು ತಂದರೆ ಸೇರು ವಾಪಸ್, ಬಡ್ಡಿ ಇಲ್ಲ, ಮಾತೂ ಇಲ್ಲ. ಇನ್ನೊಂದು, ಒಡೆಯರ ಮನೆ: ಮಳೆಗಾಲದಲ್ಲಿ ಒಂದು ಚೀಲ ಭತ್ತ ತಂದರೆ ಸುಗ್ಗಿಯಲ್ಲಿ ಒಂದೂವರೆ ಚೀಲ. ಅದು ತೀರದಿದ್ದರೆ ಮನೆಯ ಹುಡುಗ ಜೀತಕ್ಕೆ.

ಮಲೆನಾಡಿನ ಮುಯ್ಯಾಳು ಪದ್ಧತಿ ಬಗ್ಗೆ ಎಲ್ಲರೂ ಹೊಗಳಿ ಬರೀತಾರೆ. ಇವತ್ತು ನಿನ್ನ ಗದ್ದೆ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಒಳ್ಳೆಯದೇ. ಆದರೆ ಮುಯ್ಯಿ ತೀರಿಸಿಕೊಳ್ಳೋಕೆ ಗದ್ದೆ ಬೇಕಲ್ಲ? ನಮ್ಮ ಕೇರಿಯ ಮುಯ್ಯಿ ಗದ್ದೆಯಲ್ಲಿ ನಡೆದದ್ದಲ್ಲ, ಒಲೆಗಳ ನಡುವೆ ನಡೆದದ್ದು. ಬಾಣಂತಿ ಮನೆಗೆ ಸೇರು ಅಕ್ಕಿ, ಸಾವಿನ ಮನೆಗೆ ಮೂರು ದಿನದ ಗಂಜಿ, ಮದುವೆಗೆ ಮನೆಗೊಂದು ಹೊರೆ ಸೌದೆ. ಇದನ್ನ ಯಾರೂ ಸಹಕಾರ ಅಂತ ಕರೆಯಲಿಲ್ಲ. 1905ರಲ್ಲೇ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದರು, ದೊಡ್ಡ ಕೆಲಸ. ಆದರೆ ಆಮೇಲೆ ಊರೂರಿಗೆ ಬಂದ ಸೊಸೈಟಿಗಳಲ್ಲಿ ಬೆಳೆಸಾಲಕ್ಕೆ ಪಹಣಿ ಬೇಕು. ಪಹಣಿ ಇಲ್ಲದವರ ಸೊಸೈಟಿ ಪಕ್ಕದ ಮನೆಯ ಅಕ್ಕಿ ಮಡಕೆಯೇ.

1975ರ ಅಕ್ಟೋಬರ್ 24ರಂದು ಜೀತ ರದ್ದು ಮಾಡುವ ಸುಗ್ರೀವಾಜ್ಞೆ ಬಂತು. 1976ರಲ್ಲಿ ಕರ್ನಾಟಕದ ಋಣಪರಿಹಾರ ಕಾಯ್ದೆ ಬಂತು. ಕಾಗದದಲ್ಲಿ ಸಾಲ ಹರಿಯಿತು. ಆದರೆ ಸಂಸಾರ ಸೋರುವ ತೂತುಗಳು ಇನ್ನೂ ಇದ್ದವು. ಅದನ್ನು ಮೊದಲು ಬಾಯಿಬಿಟ್ಟು ಹೇಳಿದ್ದು ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ. ಹೆಂಡ ಸಾರಾಯಿ ಬೇಡ, ಭೂಮಿ ಬೇಕು, ವಸತಿ ಶಾಲೆ ಬೇಕು ಅಂತ ಕೂಗಿದಾಗ ಅದು ನೀತಿಪಾಠ ಆಗಿರಲಿಲ್ಲ, ಮನೆಯ ಲೆಕ್ಕ ಆಗಿತ್ತು. ನಮ್ಮಪ್ಪಂದಿರ ಕೂಲಿ ಸಾರಾಯಿ ಅಂಗಡಿಗೆ ಹೋಗಿ, ಅಲ್ಲಿಂದ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು. ಕೊನೆಗೆ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆಗ ಹಣಕಾಸು ಖಾತೆ ನಮ್ಮ ಶಿಕಾರಿಪುರದ ಶಾಸಕ ಯಡಿಯೂರಪ್ಪನವರ ಕೈಯಲ್ಲೇ ಇತ್ತು. ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಅದಕ್ಕಿಂತ ದುಬಾರಿ ಪ್ಯಾಕೆಟ್ ಬಂತು.

ಇನ್ನೊಂದು ತೂತು ಹರಕೆ. ಸೊರಬ ತಾಲೂಕಿನ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು 1986ರ ಮಾರ್ಚ್‌ನಲ್ಲಿ ತಡೆಯಲು ಹೋದ ದಸಂಸ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೂ, ಹಲ್ಲೆ ಆಯಿತು, ಬಟ್ಟೆ ಕಿತ್ತರು. ಆಮೇಲೆ ಸರ್ಕಾರ ಆ ಸೇವೆ ನಿಷೇಧಿಸಿತು. ನಾವು ಇದನ್ನು ಮಾನದ ಪ್ರಶ್ನೆಯಾಗಿ ನೋಡ್ತೀವಿ, ಸರಿ. ಆದರೆ ಅಜ್ಜಿ ಇನ್ನೊಂದು ಮಾತು ಹೇಳೋಳು: "ಹರಕೆ ಹೊತ್ತ ಮನೆ ಮೂರು ವರ್ಷ ಏಳಲ್ಲ." ಕುರಿ, ಹೊಸ ಸೀರೆ, ಗಾಡಿ ಬಾಡಿಗೆ, ನೆಂಟರ ಊಟ, ಎಲ್ಲವೂ ಸಾಲ. ಮಾನ ಮತ್ತು ಮಡಕೆ ಎರಡೂ ಒಟ್ಟಿಗೇ ಖಾಲಿ.

ಈಗ ಸಂಘದ ಕಥೆಗೆ ಬರ್ತೀನಿ. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ನಮ್ಮ ರಾಜ್ಯದಲ್ಲಿ ಸಣ್ಣ ಸಣ್ಣ ಉಳಿತಾಯ ಗುಂಪು ಕಟ್ಟಿತು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸತೊಡಗಿತು. 2000ನೇ ಇಸವಿಯಲ್ಲಿ ಸ್ತ್ರೀಶಕ್ತಿ ಯೋಜನೆ ಬಂದು, ಅಂಗನವಾಡಿ ಟೀಚರ್ ಮೂಲಕ ನಮ್ಮ ಕೇರಿಗೂ ಸಂಘ ಬಂತು. ವಾರಕ್ಕೆ ಹತ್ತು ರೂಪಾಯಿ. ಅವ್ವನಿಗೆ ಓದು ಬರಹ ಇಲ್ಲ, ಹಾಗಾಗಿ ಹೈಸ್ಕೂಲಲ್ಲಿದ್ದ ನನಗೆ ಪುಸ್ತಕ ಬರೆಯೋ ಕೆಲಸ. ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಅದೇನೂ ಕಡಿಮೆಯಲ್ಲ. ಆದರೆ ಆ ಬಡ್ಡಿ ಮತ್ತೆ ಅದೇ ತಗಡಿನ ಪೆಟ್ಟಿಗೆಗೆ ಬೀಳುತ್ತಿತ್ತು, ವರ್ಷದ ಕೊನೆಗೆ ಅವರಿಗೇ ಹಂಚಿಕೆ.

ಒಂದ್ಸಲ ಒಬ್ಬಾಕೆ ಗಂಡ ಹಾಸಿಗೆ ಹಿಡಿದು ಮೂರು ತಿಂಗಳು ಕಟ್ಟಲಿಲ್ಲ. ನಾನು ಶಾಲೆ ಕಲಿತ ಜಾಣ, ಕೆಂಪು ಪೆನ್ನಲ್ಲಿ 'ಕಟಬಾಕಿ' ಅಂತ ಬರೆದೆ. ಅವ್ವ ಓದಿಸಿ ಕೇಳಿ, ಹೊಡೆಸು ಅದನ್ನ ಅಂದಳು. "ಮುಂದಿನ ಸುಗ್ಗಿಗೆ ಅಂತ ಬರಿ." ಆ ವಾರ ಹತ್ತು ರೂಪಾಯಿ ಜೊತೆ ಎಲ್ಲರೂ ಒಂದೊಂದು ಪಾವು ಅಕ್ಕಿ ತಂದಿದ್ದರು, ಆ ಮನೆಗೆ. ಲೆಕ್ಕ ಅಂದರೇನು ಅಂತ ನಾನು ಕಲಿತದ್ದು ಆವತ್ತು.

ಈಗ ಅದೇ ಹೆಂಗಸರು, ಅದೇ ಚಾಪೆ. ಆದರೆ ಪುಸ್ತಕ ಅವರದಲ್ಲ, ಫೈನಾನ್ಸಿನದು. ಹತ್ತು ಜನ ಒಬ್ಬರಿಗೊಬ್ಬರು ಜಾಮೀನು. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರನ್ನು ರಾತ್ರಿಯವರೆಗೂ ಕೂರಿಸುತ್ತಾರೆ. ಅವರು ಹೋಗಿ ಅವಳ ಬಾಗಿಲಲ್ಲಿ ಕೂರುತ್ತಾರೆ. ಪಾವು ಅಕ್ಕಿ ತಂದವಳೇ ಇವತ್ತು ಬೈದು ಬರುತ್ತಾಳೆ. ನಮ್ಮ ಕೇರಿಯ ಒಂದು ಮನೆ ಹೀಗೇ ರಾತ್ರೋರಾತ್ರಿ ಬೀಗ ಹಾಕಿಕೊಂಡು ಹೋಯಿತು. ನಮಗೆ ಅಡವಿಡಲು ಹೊಲ ಇರಲಿಲ್ಲ, ಚಿನ್ನ ಇರಲಿಲ್ಲ. ಇದ್ದದ್ದು ಒಗ್ಗಟ್ಟು. ಅದನ್ನೇ ಅಡವಿಟ್ಟುಕೊಂಡರು.

ಗೃಹಲಕ್ಷ್ಮಿಯ 2000 ರೂಪಾಯಿ ಬಂದರೆ 'ಬಿಟ್ಟಿ ಭಾಗ್ಯ' ಅಂತ ಆಡಿಕೊಳ್ಳುವವರೇ, ಆ ದುಡ್ಡು ಎಷ್ಟು ಮನೆಗಳಲ್ಲಿ ನೇರವಾಗಿ ಕಂತಿಗೆ ಹೋಗುತ್ತೆ ಅಂತ ಒಮ್ಮೆ ಬಂದು ನೋಡಿ.

ನಮಗೆ ಮಿತವಾಗಿ ಬದುಕಿ ಅಂತ ಹೇಳೋರು ಆಯ್ದಕ್ಕಿ ಲಕ್ಕಮ್ಮನ ಹೆಸರು ತೆಗೀತಾರೆ. ಅಲ್ಲಮ, ಅಕ್ಕ ಹುಟ್ಟಿದ ತಾಲೂಕು ನಮ್ಮದು, ಶರಣರ ಮೇಲೆ ನಮಗೂ ಗೌರವ ಇದೆ. ಆದರೆ ಲಕ್ಕಮ್ಮ ಗಂಡ ಹೆಚ್ಚು ತಂದ ಅಕ್ಕಿಯನ್ನು ಬೇಡ ಅಂತ ವಾಪಸ್ ಕಳಿಸಿದಳು. ಅದು ಅವಳ ಆಯ್ಕೆ. ಆಯ್ಕೆ ಇಲ್ಲದವರ ಹಸಿವಿಗೆ ಮಿತವ್ಯಯ ಅಂತ ಹೆಸರಿಡಬೇಡಿ.

ಬಾಬಾಸಾಹೇಬರೂ ಬಿಗಿಯಾಗಿ ಬದುಕಿದವರೇ. 1918ರಿಂದ 1920ರವರೆಗೆ ಮುಂಬೈಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ತಿಂಗಳಿಗೆ 450 ರೂಪಾಯಿ ಸಂಬಳ ಇದ್ದರೂ ಪರೇಲಿನ ಚಾಳಿನಲ್ಲೇ ಇದ್ದರು. ರಮಾಬಾಯಿ ಕೈಗೆ ಬಂದಷ್ಟರಲ್ಲಿ ಸಂಸಾರ ತೂಗಿಸಿದರು. ಆ ಉಳಿತಾಯಕ್ಕೆ ಗೆಳೆಯ ನವಲ್ ಭಥೇನಾ ಕೊಟ್ಟ 5000 ರೂಪಾಯಿ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಸೇರಿ ಲಂಡನ್ನಿನ ಓದು ಮುಗಿಯಿತು. ಅಲ್ಲಿ ಉಳಿತಾಯಕ್ಕೆ ಒಂದು ಗುರಿ ಇತ್ತು, ಬೆನ್ನಿಗೆ ಜನ ಇದ್ದರು. ಬರೀ ಹೊಟ್ಟೆ ಕಟ್ಟಿದ್ದರಿಂದ ಆದದ್ದಲ್ಲ.

ಅಕ್ಕಂದಿರೇ, ತಂಗಿಯರೇ, ಲೆಕ್ಕ ಬರೀರಿ. ಆದರೆ ಬಡ್ಡಿಗೆ ಬೇರೆ ಕಾಲಂ ಹಾಕಿ, ಅದು ಯಾರ ಮನೆ ಸೇರುತ್ತೆ ಅಂತ ಪಕ್ಕದಲ್ಲಿ ಬರೀರಿ. ನಿಂತುಹೋದ ಸಂಘಗಳನ್ನ ಮತ್ತೆ ಎಬ್ಬಿಸಿ, ಪುಸ್ತಕ ನಿಮ್ಮ ಕೈಲೇ ಇರಲಿ. ವರ್ಷಕ್ಕೆ ಮೂರು ಲಕ್ಷದೊಳಗಿನ ಆದಾಯದ ಮನೆಗಳಿಗೆ ಕೊಡುವ ಕಿರುಸಾಲದಲ್ಲಿ, ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ. ಸಾಲ ವಸೂಲಿಗೆ ಹಿಂಸೆ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು ಅಂತ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯವೇ ಸುಗ್ರೀವಾಜ್ಞೆ ತಂದಿತು. ಬಾಗಿಲಿಗೆ ಬಂದು ಕೂಗಾಡಿದರೆ ಒಬ್ಬಳೇ ಅಳಬೇಡಿ, ಹತ್ತೂ ಜನ ಒಟ್ಟಿಗೆ ಪೊಲೀಸ್ ಠಾಣೆಗೆ ನಡೀರಿ. ನಾವೂ ಬರ್ತೀವಿ.

ಕಾಗೋಡಿನವರು ಮೊದಲು ಕೇಳಿದ್ದು ಸರಿಯಾದ ಕೊಳಗ. ನಾವೂ ಅಲ್ಲಿಂದಲೇ ಶುರು ಮಾಡೋಣ.

ಜೈ ಭೀಮ್.