ಧಾರವಾಡದಿಂದ ದಿಲ್ಲಿಗೆ: ಸರೋಜಿನಿ ಮಹಿಷಿ

ಸರೋಜಿನಿ ಮಹಿಷಿ ಎಂದೊಡನೆ ನಮಗೆಲ್ಲ ನೆನಪಾಗುವುದು ಅವರ ಹೆಸರಿನ ವರದಿ. ಆ ವರದಿಯ ಹಿಂದಿನ ಬದುಕನ್ನು ನಾನು ತಿಳಿದದ್ದು ತಡವಾಗಿ.

1927ರಲ್ಲಿ ಹುಟ್ಟಿದ ಅವರು ತಂದೆಯಂತೆಯೇ ಕಾನೂನು ಓದಿ ವಕೀಲರಾದರು. 1962ರಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಗೆದ್ದು, ಕರ್ನಾಟಕದ ಮೊದಲ ಮಹಿಳಾ ಸಂಸದೆ ಎನಿಸಿದರು. ಅಲ್ಲಿನ ಜನ ಅವರನ್ನು ಸತತ ನಾಲ್ಕು ಬಾರಿ ಲೋಕಸಭೆಗೆ ಕಳಿಸಿದರು. ಇಂದಿರಾ ಗಾಂಧಿಯವರ ಸರ್ಕಾರದಲ್ಲಿ ಪ್ರವಾಸೋದ್ಯಮ, ವಿಮಾನಯಾನ, ಕಾನೂನು ಖಾತೆಗಳಲ್ಲಿ ಸಚಿವೆಯಾಗಿದ್ದರು. ಡಿವಿಜಿಯವರ ಕಗ್ಗವನ್ನು ಹಿಂದಿಗೆ ತಂದವರೂ ಅವರೇ.

ಮುಂದೆ ರಾಮಕೃಷ್ಣ ಹೆಗಡೆಯವರ ಸರ್ಕಾರ, ಕನ್ನಡಿಗರಿಗೆ ಉದ್ಯೋಗ ದೊರಕಿಸುವ ಬಗೆಯನ್ನು ಸೂಚಿಸಲು ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. 1986ರ ವರದಿಯಲ್ಲಿದ್ದುದು 58 ಶಿಫಾರಸು. ಕನ್ನಡಿಗರೆಂದರೆ ಯಾರು? ವಕೀಲರ ಉತ್ತರ ಖಚಿತವಾಗಿತ್ತು: ರಾಜ್ಯದಲ್ಲಿ 15 ವರ್ಷ ನೆಲೆಸಿ, ಕನ್ನಡ ಓದು ಬರಹ ಬಲ್ಲವರು.

ಈ ಮಾತು ನನ್ನನ್ನು ಚುಚ್ಚಿತು. ಮುಂಬಯಿಗೆ ಬಂದು ನನಗೆ 28 ವರ್ಷ. ಮರಾಠಿ ಮಾತಾಡುತ್ತೇನೆ, ಆದರೆ ಒಂದು ಅರ್ಜಿ ಬರೆಯಲು ಪಕ್ಕದ ಮನೆಯವರು ಬೇಕು. ಇಲ್ಲೇ ಹುಟ್ಟಿದ ಮಗಳಿಗೆ ಮರಾಠಿ ಸಲೀಸು, ಕನ್ನಡ ಅಕ್ಷರ ಬಾರದು. ಆ ಅಳತೆಯಲ್ಲಿ ನಾನು ಇಲ್ಲಿಯವಳಲ್ಲ, ಅವಳು ಅಲ್ಲಿಯವಳಲ್ಲ.

2015ರ ಜನವರಿಯಲ್ಲಿ ಮಹಿಷಿಯವರು ನಮ್ಮನ್ನಗಲಿದರು. ಅವರ ವರದಿಯನ್ನು ಜಾರಿಗೆ ತರಬೇಕಾದವರು ಸರ್ಕಾರದವರು, ನಿಜ. ನಮ್ಮ ಮನೆಯಲ್ಲಂತೂ ಈಗ ಸಂಜೆ ನಾನು ಮಗಳಿಗೆ ಕನ್ನಡ ಬರೆಯಿಸುತ್ತೇನೆ. ಅವಳು ನನಗೆ ಮರಾಠಿ.