ಚೆಂಡು ಮುಟ್ಟದ ಆಟದ ಪೂರ್ವಕಥೆ

ಅಂತರ್ಜಾಲದಲ್ಲಿ ಬ್ಯಾಸ್ಕೆಟ್‌ಬಾಲ್ ತಂಡವೊಂದರ ಯಜಮಾನಿಕೆಯನ್ನು ವಹಿಸಿಕೊಂಡು ಆಡುವ ಆಟಗಳಿಗೆ ಹೊಸದಾಗಿ ಕಾಲಿಟ್ಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಯಾವ ಆಟಗಾರನನ್ನು ಕೊಳ್ಳಬೇಕು ಎಂಬುದು. ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಏಕೆಂದರೆ ನಾನು ಆಟಗಾರನ ಮಾತನ್ನು ಬಿಟ್ಟು, ಈ ಆಟದ ಕಟ್ಟಳೆಗಳು ಎಲ್ಲಿಂದ ಬಂದುವೆಂಬ ಕಥೆಯನ್ನು ಹೇಳತೊಡಗುತ್ತೇನೆ. ಅಂಗಳಕ್ಕಿಳಿಯದೆ, ಚೆಂಡನ್ನು ಮುಟ್ಟದೆ, ತಂಡವೊಂದನ್ನು ಕಟ್ಟಿ ಸಲಹಿ ಕಾದಾಡಿಸುವ ಈ ವಿನೋದವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಅದರ ಬಹುಪಾಲು ಕಟ್ಟಳೆಗಳ ಹಿಂದೆ, ಯಾರೋ ಎಂದೋ ನಿಜವಾಗಿ ಎದುರಿಸಿದ ತೊಡಕೊಂದು ಇದೆ. ಆ ತೊಡಕನ್ನು ತಿಳಿಯದವನಿಗೆ ಕಟ್ಟಳೆಯು ಬರಿಯ ಅಡ್ಡಿಯಾಗಿ ಕಾಣುತ್ತದೆ, ತಿಳಿದವನಿಗೆ ದಾರಿಯಾಗಿ ಕಾಣುತ್ತದೆ.

ಮೂಲದ ಆಟದಿಂದಲೇ ಆರಂಭಿಸೋಣ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ವೈ.ಎಂ.ಸಿ.ಎ. ಸಂಸ್ಥೆಯ ತರಬೇತಿ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕೆನಡಾ ದೇಶದ ಜೇಮ್ಸ್ ನೈಸ್ಮಿತ್ ಎಂಬವರಿಗೆ, ಚಳಿಗಾಲದ ವ್ಯಾಯಾಮದಲ್ಲಿ ಬೇಸತ್ತು ಹಟಹಿಡಿದಿದ್ದ ವಿದ್ಯಾರ್ಥಿಗಳ ತರಗತಿಯೊಂದು ಪಾಲಿಗೆ ಬಂದಿತ್ತು. 1891ರ ಡಿಸೆಂಬರ್ ತಿಂಗಳಲ್ಲಿ ಆತನು ವ್ಯಾಯಾಮಶಾಲೆಯ ಉಪ್ಪರಿಗೆಯ ಕಟಾಂಜನಕ್ಕೆ ನೆಲದಿಂದ ಹತ್ತು ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿ, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ತೂಗುಹಾಕಿ, ಹದಿನೆಂಟು ಮಂದಿಯನ್ನು ಒಂಬತ್ತು ಒಂಬತ್ತರಂತೆ ಎರಡು ಪಾಳಯ ಮಾಡಿ ಕಾಲ್ಚೆಂಡೊಂದನ್ನು ಕೈಗೆ ಕೊಟ್ಟನು. ಬುಟ್ಟಿಗೆ ತಳವಿದ್ದುದರಿಂದ, ಚೆಂಡು ಬಿದ್ದಾಗ ಏಣಿ ಹತ್ತಿ ತೆಗೆಯಬೇಕಾಗಿತ್ತು. ಆ ಪ್ರಥಮ ಪಂದ್ಯದಲ್ಲಿ ಬಿದ್ದುದು ಒಂದೇ ಬುಟ್ಟಿಯಾದುದರಿಂದ ಏಣಿಗೆ ಅಂದು ಹೆಚ್ಚಿನ ಕೆಲಸವಿರಲಿಲ್ಲ. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬ ಮಹನೀಯರು 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ಕಾಲೇಜನ್ನು ಸ್ಥಾಪಿಸಿದುದನ್ನೂ, ಅಲ್ಲಿ ತಯಾರಾದ ಶಿಕ್ಷಕರು ದಕ್ಷಿಣದೇಶದ ಶಾಲೆಗಳಿಗೆಲ್ಲ ಹರಡಿಹೋದುದನ್ನೂ ನೆನೆದರೆ, ನಮ್ಮೂರ ಹೈಸ್ಕೂಲಿನ ಮಣ್ಣಂಗಳದ ಕಂಬಕ್ಕೂ ಆ ಪೀಚ್ ಬುಟ್ಟಿಗೂ ದೂರ ಹೆಚ್ಚೇನೂ ಇಲ್ಲವೆನಿಸುತ್ತದೆ.

ನೈಸ್ಮಿತ್‌ಗೆ ತನ್ನ ಆಟದಲ್ಲಿ ಯಜಮಾನನೊಬ್ಬನ ಅಗತ್ಯವಿದೆಯೆಂದು ತೋರಲೇ ಇಲ್ಲ. 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯಕ್ಕೆ ಬಂದು ಅಲ್ಲಿಯ ತಂಡವನ್ನು ನೋಡಿಕೊಂಡ ವರ್ಷಗಳಲ್ಲಿ ಆತನ ಪಾಲಿಗೆ ಸಂದ ಗೆಲುವು 55, ಸೋಲು 60. ಈ ಆಟ ಆಡತಕ್ಕದ್ದೇ ಹೊರತು ಆಡಿಸತಕ್ಕದ್ದಲ್ಲ ಎಂಬುದು ಆತನ ಅಭಿಪ್ರಾಯವಾಗಿದ್ದಿತೆಂದು ಪ್ರತೀತಿ. ಆದರೆ ಆತನ ಶಿಷ್ಯನೇ ಆದ ಫಾಗ್ ಅಲೆನ್, ಗುರುವಿನ ಮಾತನ್ನು ಒಪ್ಪದೆ, ಅದೇ ಕ್ಯಾನ್ಸಸ್‌ನಲ್ಲಿ ದಶಕಗಳ ಕಾಲ ತಂಡಗಳನ್ನು ತಿದ್ದಿ ತೀಡಿ, ಬ್ಯಾಸ್ಕೆಟ್‌ಬಾಲ್ ತರಬೇತಿಯ ಪಿತಾಮಹನೆಂಬ ಹೆಸರನ್ನು ಪಡೆದನು. ಅಂಗಳದ ಅಂಚಿನಲ್ಲಿ ನಿಂತವನ ಬುದ್ಧಿಯೂ ಆಟದ ಒಂದು ಅಂಗವೆಂಬ ಮಾತು ಗುರುಶಿಷ್ಯರ ಈ ಭಿನ್ನಾಭಿಪ್ರಾಯದಲ್ಲಿ ಸ್ಥಾಪಿತವಾಯಿತೆಂದೇ ನಾನು ಭಾವಿಸಿದ್ದೇನೆ. ಇಂದು ಗಣಕದ ಮುಂದೆ ಕುಳಿತು ಐವರ ಹೆಸರನ್ನು ಆರಿಸಿ ಗುಂಡಿಯೊತ್ತುವ ಹೊಸಬನು, ತಿಳಿದೋ ತಿಳಿಯದೆಯೋ, ಅಲೆನ್ನನ ಪಕ್ಷವನ್ನು ಹಿಡಿದವನೇ.

ಹಣವೂ ವೃತ್ತಿಪರತೆಯೂ ಬಂದಮೇಲೆ ಯಜಮಾನಿಕೆಯ ಭಾರ ಹೆಚ್ಚಿತು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅಮೆರಿಕದಲ್ಲಿ ಒಂದು ವೃತ್ತಿಪರ ಸಂಘ ಹುಟ್ಟಿ, 1949ರಲ್ಲಿ ಇನ್ನೊಂದರೊಡನೆ ಕೂಡಿ ಎನ್‌.ಬಿ.ಎ. ಆಯಿತು. ಶ್ರೀಮಂತ ತಂಡವೇ ಒಳ್ಳೆಯವರನ್ನೆಲ್ಲ ಬಾಚಿಕೊಂಡರೆ ನೋಡುವವರಿಗೆ ಪಂದ್ಯದಲ್ಲಿ ಉಳಿಯುವುದೇನು? ಈ ಆತಂಕದಿಂದ, ಕಾಲೇಜುಗಳಿಂದ ಹೊರಬರುವ ತರುಣರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಪದ್ಧತಿ 1947ರಲ್ಲಿ ಜಾರಿಗೆ ಬಂದಿತು. ಸೋತವನಿಗೆ ಮೊದಲ ಆಯ್ಕೆ ಎಂಬುದು ಅದರ ಹಿಂದಿನ ನ್ಯಾಯ. ಸಂಬಳದ ಮೊತ್ತಕ್ಕೆ ಮಿತಿ ಹಾಕುವ ಇಂದಿನ ಕ್ರಮವು ಬಹುಕಾಲದ ತರುವಾಯ, 1984-85ರ ಋತುವಿನಲ್ಲಿ, ತಂಡಕ್ಕೆ 36 ಲಕ್ಷ ಡಾಲರಿನಂತೆ ನೆಲೆಗೊಂಡಿತು. ಅಂತರ್ಜಾಲದ ಆಟದಲ್ಲಿ ಸಂಬಳದ ಹೊರೆ ಎದೆಯ ಮೇಲೆ ಕುಳಿತಾಗ ರೇಗುವವರು ಈ ಹಿನ್ನೆಲೆಯನ್ನು ಸ್ಮರಿಸಬೇಕು.

ಇವೆಲ್ಲಕ್ಕಿಂತ ನನಗೆ ಪ್ರಿಯವಾದುದು ಇಪ್ಪತ್ತನಾಲ್ಕು ಸೆಕೆಂಡಿನ ಕಥೆ. 1950ರ ನವೆಂಬರ್ 22ರಂದು ಫೋರ್ಟ್‌ ವೇಯ್ನ್ ಪಿಸ್ಟನ್ಸ್ ತಂಡವು, ಎತ್ತರದ ಜಾರ್ಜ್ ಮೈಕನ್ ಇದ್ದ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಎದುರಿಸಲಾರದೆ, ಚೆಂಡನ್ನು ಬುಟ್ಟಿಗೆ ಎಸೆಯದೆ ಹಿಡಿದುಕೊಂಡೇ ಕಾಲವನ್ನು ತಳ್ಳಿ, ಕಡೆಗೆ 19-18ರಿಂದ ಗೆದ್ದಿತು. ಹೀಗೆ ಮುಂದುವರಿದರೆ ಪ್ರೇಕ್ಷಕರು ಬೆನ್ನು ತಿರುಗಿಸುವರೆಂದು ಚಿಂತಿಸಿದವರಲ್ಲಿ ಸಿರಕ್ಯೂಸ್ ತಂಡದ ಒಡೆಯನೂ ಬೌಲಿಂಗ್ ಆಟದ ಮನೆಯೊಂದನ್ನು ನಡೆಸುತ್ತಿದ್ದವನೂ ಆದ ಡ್ಯಾನಿ ಬಿಯಾಸೋನ್ ಒಬ್ಬನು. ಆತನ ಲೆಕ್ಕ ಅಂಗಡಿಯ ಲೆಕ್ಕದಷ್ಟು ಸರಳ: ಮನಸ್ಸಿಗೆ ಹಿತವಾದ ಪಂದ್ಯದಲ್ಲಿ ಎರಡು ತಂಡಗಳೂ ಸೇರಿ ಸುಮಾರು 120 ಎಸೆತ ಎಸೆಯುತ್ತವೆ, ಪಂದ್ಯದ ಅವಧಿ 48 ನಿಮಿಷ, ಎಂದರೆ 2880 ಸೆಕೆಂಡು, ಭಾಗಿಸಿದರೆ 24. ಅಷ್ಟರೊಳಗೆ ಎಸೆಯದವನು ಚೆಂಡನ್ನು ಬಿಟ್ಟುಕೊಡಬೇಕೆಂಬ ನಿಯಮ 1954ರಲ್ಲಿ ಬಂದಿತು. ಪಂದ್ಯವೆಂಬುದು ಸರದಿಗಳ ಮೊತ್ತ, ಪ್ರತಿ ಸರದಿಗೂ ಒಂದು ಬೆಲೆಯುಂಟು ಎಂಬ ದೃಷ್ಟಿಗೆ ಆ ಭಾಗಾಕಾರವು ಎಡೆಮಾಡಿಕೊಟ್ಟಿತು. ಗಣಕದೊಳಗೆ ನಡೆಯುವ ಪಂದ್ಯವೂ ಹೀಗೆಯೇ ಒಂದೊಂದು ಸರದಿಯಾಗಿ ಸಾಗುವಂಥದು. ಆದುದರಿಂದ ತನ್ನ ತಂಡದಲ್ಲಿ ಎಷ್ಟು ಮಂದಿ ಬುಟ್ಟಿಗೆ ಗುರಿಯಿಡಬಲ್ಲರೆಂದು ಮಾತ್ರ ಎಣಿಸಿ, ಚೆಂಡನ್ನು ಕಳೆಯದೆ ಕಾಯುವವನಾರು, ತಪ್ಪಿದ ಎಸೆತವನ್ನು ಹಿಡಿದು ಮತ್ತೊಂದು ಸರದಿಯನ್ನು ತರುವವನಾರು ಎಂದು ನೋಡದ ಹೊಸಬನು ಲೆಕ್ಕದ ಅರ್ಧವನ್ನಷ್ಟೇ ಓದಿದವನು.

ಇತ್ತ ಕಾಗದದ ಮೇಲೂ ಒಂದು ಸಂಪ್ರದಾಯ ಬೆಳೆಯುತ್ತಿತ್ತು. ವಿಸ್ಕಾನ್ಸಿನ್ ಪ್ರಾಂತದ ಕ್ಲಿಫರ್ಡ್ ವ್ಯಾನ್ ಬೀಕ್ ಎಂಬವನು 1930ರ ಸುಮಾರಿಗೆ ಬೇಸ್‌ಬಾಲ್ ಆಟವನ್ನು ದಾಳ ಮತ್ತು ಕಾರ್ಡುಗಳಿಗೆ ಇಳಿಸಿದನು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಅದನ್ನು ಕೊಳ್ಳುವವರು ಸಿಕ್ಕದೆ ಹೋದರು. ಆದರೆ ಬಾಲ್ಯದಲ್ಲಿ ಆ ಆಟವನ್ನು ಆಡಿ, ಗೆಳೆಯರೊಡನೆ ಸಂಘವನ್ನೇ ಕಟ್ಟಿಕೊಂಡಿದ್ದ ರಿಚರ್ಡ್ ಸೀಟ್ಸ್ ಎಂಬವನು, ಅದನ್ನು ತಿದ್ದಿ ಬೆಳೆಸಿ, 1951ರಲ್ಲಿ ಪೆನ್ಸಿಲ್ವೇನಿಯಾ ಪ್ರಾಂತದ ಲ್ಯಾಂಕ್ಯಾಸ್ಟರ್ ಊರಿನ ತನ್ನ ಮನೆಯಿಂದಲೇ ‘ಆಪ್ಬಾ’ ಎಂಬ ಹೆಸರಿನಲ್ಲಿ ಮಾರತೊಡಗಿದನು.

ಅದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ದಾಳಗಳು ಎರಡು: ಒಂದು ದೊಡ್ಡದು, ಕೆಂಪು; ಇನ್ನೊಂದು ಚಿಕ್ಕದು, ಬಿಳಿ. ನಮ್ಮ ಪಗಡೆಯಲ್ಲಿ ಗರಗಳನ್ನು ಕೂಡುವಂತೆ ಇಲ್ಲಿ ಕೂಡುವುದಿಲ್ಲ. ಕೆಂಪಿನದನ್ನು ಹತ್ತರ ಸ್ಥಾನಕ್ಕೂ ಬಿಳಿಯದನ್ನು ಬಿಡಿಯ ಸ್ಥಾನಕ್ಕೂ ಇಟ್ಟು ಓದಬೇಕು. ಹೀಗೆ 11ರಿಂದ 66ರವರೆಗೆ ಮೂವತ್ತಾರು ಸಂಖ್ಯೆಗಳು ದೊರೆಯುತ್ತವೆ. ಪ್ರತಿಯೊಬ್ಬ ಆಟಗಾರನಿಗೂ ಒಂದೊಂದು ಕಾರ್ಡು. ಆ ಕಾರ್ಡಿನ ಮೇಲೆ ಮೂವತ್ತಾರು ಸಂಖ್ಯೆಗಳ ಎದುರಿಗೆ ಮೂವತ್ತಾರು ಫಲಗಳು. ನಿಜವಾದ ಆಟಗಾರನೊಬ್ಬನು ಋತುವಿಡೀ ಮಾಡಿದುದೆಲ್ಲ ಕೈಯಗಲದ ಆ ಕಾಗದದಲ್ಲಿ ಅಡಕವಾಗಿರುತ್ತದೆ. ಒಂದು ಎಸೆತದಲ್ಲಿ ಅತ್ಯಂತ ಬಡ ಆಟಗಾರನೂ ಗೆಲ್ಲಬಹುದು. ನೂರು ಎಸೆತಗಳಲ್ಲಿ ಕಾರ್ಡಿನ ಸತ್ಯವು ಮೇಲೆ ಬಂದೇ ಬರುತ್ತದೆ. ಅಂತರ್ಜಾಲದ ಯಜಮಾನನು ಮೊದಲನೆಯ ಸೋಲಿಗೇ ತಂಡವನ್ನು ತಲೆಕೆಳಗು ಮಾಡಹೊರಟಾಗ ನಾನು ಅವನ ಕೈಹಿಡಿದು ಹೇಳುವುದು ಇಷ್ಟೇ: ಈವರೆಗೆ ಬಿದ್ದುದು ಒಂದು ಗರ ಮಾತ್ರ.

ಅದೇ ಕಾಲದಲ್ಲಿ ನ್ಯೂಯಾರ್ಕಿನ ಬಳಿಯ ಹ್ಯಾಲ್ ರಿಚ್‌ಮನ್, ಹನ್ನೊಂದರ ವಯಸ್ಸಿನಲ್ಲಿ ದಾಳಗಳ ಸಂಭಾವ್ಯತೆಯನ್ನು ಗುಣಿಸುತ್ತ ಕುಳಿತ ಹುಡುಗ, ಬೆಳೆದು 1961ರಲ್ಲಿ ‘ಸ್ಟ್ರಾಟ್-ಓ-ಮ್ಯಾಟಿಕ್’ ಎಂಬ ಆಟವನ್ನು ಹೊರತಂದನು. ಕೈಸುಟ್ಟುಕೊಂಡ ಬಳಿಕ ತಂದೆಯಿಂದ ಐದು ಸಾವಿರ ಡಾಲರ್ ಸಾಲ ಪಡೆದು, ಈ ಬಾರಿಯೂ ನಷ್ಟವಾದರೆ ತಂದೆಯ ವಿಮೆಯ ವ್ಯವಹಾರಕ್ಕೆ ಸೇರುವೆನೆಂದು ಮಾತುಕೊಟ್ಟು, ಮತ್ತೆ ಅಚ್ಚಿಗೆ ಕೊಟ್ಟನೆಂಬುದು ಆತನ ಜೀವನದ ಪ್ರಸಿದ್ಧ ಪ್ರಸಂಗ. ವಿಮೆಯ ವ್ಯವಹಾರಕ್ಕೆ ಆತನು ಸೇರಬೇಕಾಗಲಿಲ್ಲ. ಆಪ್ಬಾ, ಸ್ಟ್ರಾಟ್-ಓ-ಮ್ಯಾಟಿಕ್ ಎರಡೂ ಮುಂದೆ ಬ್ಯಾಸ್ಕೆಟ್‌ಬಾಲಿಗೂ ಕಾರ್ಡುಗಳನ್ನು ಅಚ್ಚುಮಾಡಿದುವು.

ಗಣಕಯಂತ್ರವು ಮನೆಗೆ ಬಂದಾಗ ಈ ವಿನೋದಕ್ಕೆ ಹೊಸದೊಂದು ಗುಣ ಕೂಡಿತು. 1982ರಲ್ಲಿ ಇಂಗ್ಲೆಂಡಿನ ಕೆವಿನ್ ಟಾಮ್ಸ್ ಪ್ರಕಟಿಸಿದ ‘ಫುಟ್‌ಬಾಲ್ ಮ್ಯಾನೇಜರ್’ ಆಟದಲ್ಲಿ ತಂಡದ ಆಟಗಾರರಷ್ಟೇ ಅಲ್ಲ, ತಂಡದ ಕೈಯೊಳಗಣ ಹಣವೂ ಒಂದು ಪಾತ್ರವಾಯಿತು. ಆದರೆ ಅಲ್ಲಿಯವರೆಗೂ ಕಾಲವೆಂಬುದು ಆಡುವವನ ಇಚ್ಛೆಗೆ ಒಳಪಟ್ಟಿತ್ತು. ಒಂದು ರಾತ್ರಿ ನಿದ್ದೆಗೆಟ್ಟರೆ ಒಂದು ಋತುವನ್ನೇ ಮುಗಿಸಬಹುದಾಗಿತ್ತು. 1997ರಲ್ಲಿ ಸ್ವೀಡನ್ ದೇಶದಲ್ಲಿ ಹುಟ್ಟಿದ ‘ಹ್ಯಾಟ್ರಿಕ್’ ಎಂಬ ಕಾಲ್ಚೆಂಡಿನ ಅಂತರ್ಜಾಲ ಆಟವು ಕಾಲವನ್ನು ಆಡುವವನ ಕೈಯಿಂದ ಕಿತ್ತುಕೊಂಡಿತು. ಪಂದ್ಯಗಳು ಪಂಚಾಂಗದ ದಿನಕ್ಕೆ ಕಟ್ಟುಬಿದ್ದುವು. ತರಬೇತಿಯ ಫಲ ವಾರಕ್ಕೊಮ್ಮೆ ಬರುವಂತಾಯಿತು. ಎದುರಾಳಿಯು ಯಂತ್ರವಾಗಿ ಉಳಿಯದೆ, ಎಲ್ಲಿಯೋ ಇರುವ ಇನ್ನೊಬ್ಬ ಕಾಯುವ ಮನುಷ್ಯನಾದನು. ಈ ವಿನೋದದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವನ್ನು ನಾನು ಕಾಣೆ.

ಈ ಮಾದರಿಯನ್ನು ಬ್ಯಾಸ್ಕೆಟ್‌ಬಾಲಿಗೆ ಒಗ್ಗಿಸಿದ ಆಟಗಳಲ್ಲಿ, ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬಂದ ‘ಬಝರ್‌ಬೀಟರ್’ ನಾನು ಹೆಚ್ಚಾಗಿ ಬಲ್ಲದ್ದು. ಒಂದು ಲೀಗಿನಲ್ಲಿ ಹದಿನಾರು ತಂಡಗಳು. ಋತುವಿಗೆ ಹದಿನಾಲ್ಕು ವಾರಗಳು. ಆಟಗಾರನ ಕೌಶಲಗಳನ್ನು ಎಸೆತ, ರಕ್ಷಣೆ, ಚೆಂಡಿನ ಹಿಡಿತ, ಪಾಸ್, ರಿಬೌಂಡ್ ಮೊದಲಾಗಿ ಬೇರೆಬೇರೆಯಾಗಿ ಅಳೆಯುತ್ತಾರೆ. ವಾರಕ್ಕೊಂದು ಕೌಶಲವನ್ನು, ಅದಕ್ಕೆ ತಕ್ಕ ಸ್ಥಾನವನ್ನು ಯಜಮಾನನು ಗೊತ್ತುಮಾಡಬೇಕು. ಆ ವಾರದ ಪಂದ್ಯಗಳಲ್ಲಿ ಆ ಸ್ಥಾನದಲ್ಲಿ ಒಟ್ಟು 48 ನಿಮಿಷ ಆಡಿದ ಹುಡುಗನಿಗೆ ಮಾತ್ರ ತರಬೇತಿ ಪೂರ್ತಿಯಾಗಿ ದಕ್ಕುತ್ತದೆ. ಬಿಯಾಸೋನ್ ಭಾಗಿಸಿದ ಆ 48 ನಿಮಿಷವೇ ಇಲ್ಲಿಯೂ ಅಳತೆಗೋಲಾಗಿ ಕುಳಿತಿರುವುದನ್ನು ಕಂಡಾಗ ನನಗೆ ಹಳೆಯ ಪರಿಚಿತನೊಬ್ಬನು ದಾರಿಯಲ್ಲಿ ಸಿಕ್ಕಂತಾಯಿತು.

ನನ್ನ ಮೊದಲ ಋತುವಿನಲ್ಲಿ ನಾನು ಈ ಚರಿತ್ರೆಯನ್ನು ಅರಿತವನಾಗಿರಲಿಲ್ಲ. ಆರಂಭದಲ್ಲಿ ದೊರೆತ ಹಣವನ್ನೆಲ್ಲ ಸುರಿದು ಮೂವತ್ತು ದಾಟಿದ ಇಬ್ಬರು ಸೆಂಟರ್‌ಗಳನ್ನು ಹರಾಜಿನಲ್ಲಿ ಕೊಂಡೆನು. ಅದಕ್ಕೆ ಸಾಲದೆ ಬಂದಾಗ ಹದಿನೆಂಟು ವಯಸ್ಸಿನ ಎತ್ತರದ ಹುಡುಗನೊಬ್ಬನನ್ನು ಮಾರಿಬಿಟ್ಟೆನು. ಕೆಲವು ವಾರ ಗೆದ್ದುದು ನಿಜ. ಆದರೆ ವಾರವಾರವೂ ಸಂಬಳದ ಪಟ್ಟಿ ಬರುತ್ತಿತ್ತು. ಟಿಕೆಟ್ಟಿನ ಹುಟ್ಟುವಳಿ ಅದಕ್ಕೆ ಸಾಲುತ್ತಿರಲಿಲ್ಲ. ವಯಸ್ಸಾದವರಿಗೆ ತರಬೇತಿ ಹತ್ತುತ್ತಿರಲಿಲ್ಲ. ಅವರನ್ನು ಮಾರಹೊರಟರೆ ಕೊಟ್ಟ ಬೆಲೆಯ ಕಾಲುಭಾಗಕ್ಕೂ ಕೇಳುವವರಿರಲಿಲ್ಲ. ಎರಡು ಋತುಗಳ ತರುವಾಯ, ನಾನು ಮಾರಿದ್ದ ಆ ಹುಡುಗನು ಎದುರಾಳಿಯ ಸೆಂಟರ್ ಆಗಿ ನನ್ನ ತಂಡದ ಮೇಲೆ ಆಡಿದನು. ಪಂದ್ಯದ ವರದಿಯು ಸಾಲುಸಾಲಾಗಿ ತೆರೆಯ ಮೇಲೆ ಬರುತ್ತಿದ್ದಂತೆ, ರಿಬೌಂಡ್ ಎಂದಾಗಲೆಲ್ಲ ಅವನ ಹೆಸರೇ ಕಾಣುತ್ತಿತ್ತು. ಅವನನ್ನು ಕೊಂಡವನು ಅವನನ್ನು ವಾರವಾರವೂ 48 ನಿಮಿಷ ಆಡಿಸಿದ್ದನು. ಹುಡುಗನ ತಪ್ಪುಗಳಿಂದ ಆ ತಂಡವು ಹಲವು ಪಂದ್ಯಗಳನ್ನು ಕಳೆದುಕೊಂಡಿತ್ತೆಂಬುದನ್ನು ಹಳೆಯ ಫಲಿತಾಂಶಗಳನ್ನು ತೆರೆದು ನೋಡಿದಾಗ ತಿಳಿದೆನು. ಅಂದು ನಾನು ಯಾವ ಪಂದ್ಯವನ್ನೂ ಕಳೆದುಕೊಳ್ಳಲು ಒಪ್ಪದೆ ಇದ್ದೆನು.

ಆದುದರಿಂದ ಹೊಸಬರಿಗೆ ನಾನು ಮೊದಲು ಹೇಳುವುದು, ತರಬೇತಿಗೆ ತಕ್ಕ ಇಬ್ಬರು ಮೂವರು ತರುಣರನ್ನು ಹುಡುಕಿ ಮಿಕ್ಕುದನ್ನೆಲ್ಲ ಅವರ ಸುತ್ತ ಕಟ್ಟಿರಿ ಎಂದು. ಎತ್ತರದವನಿಗೆ ಬುಟ್ಟಿಯ ಬಳಿಯ ವಿದ್ಯೆ ಬೇಗ ಹತ್ತುತ್ತದೆ, ಗಿಡ್ಡನೆಯವನಿಗೆ ಗಾರ್ಡಿನ ವಿದ್ಯೆ; ಎರಡನ್ನೂ ಒಟ್ಟಿಗೆ ಕಲಿಸಹೋಗಿ ಕಾಲವನ್ನು ಚದುರಿಸಬಾರದು. ಒಬ್ಬನನ್ನೇ ವಾರದ ಮೂರು ಪಂದ್ಯಗಳಲ್ಲಿಯೂ ದುಡಿಸಿದರೆ ಅವನು ದಣಿದು ಕಸುವು ಕಳೆದುಕೊಳ್ಳುತ್ತಾನೆ. ಬೆಂಚಿನಲ್ಲಿ ಕೂರಿಸಿದರೆ ಮಂಕಾಗುತ್ತಾನೆ. ಮಿಕ್ಕ ಚಿಕ್ಕಪುಟ್ಟ ಸಂಗತಿಗಳನ್ನು ಆಟವೇ ಕಲಿಸುತ್ತದೆ.

ಪಂದ್ಯದ ಲೆಕ್ಕವನ್ನು ಓದುವುದಕ್ಕೆ ಮಾತ್ರ ಒಂದು ಸಹಾಯವುಂಟು. ಡೀನ್ ಆಲಿವರ್ ಎಂಬ ಸಂಖ್ಯಾಪಂಡಿತನು ಗೆಲುವಿನ ಕಾರಣಗಳನ್ನು ನಾಲ್ಕಾಗಿ ವಿಂಗಡಿಸಿ ತೂಗಿದನು: ಎಸೆತದ ಸಾಫಲ್ಯಕ್ಕೆ ಸುಮಾರು ಶೇಕಡ 40, ಚೆಂಡನ್ನು ಕಳೆಯದಿರುವುದಕ್ಕೆ 25, ರಿಬೌಂಡಿಗೆ 20, ಫ್ರೀ ಥ್ರೋ ಸಂಪಾದನೆಗೆ 15. ಸೋತ ರಾತ್ರಿ ಈ ನಾಲ್ಕನ್ನು ಒಂದು ಹಾಳೆಯ ಮೇಲೆ ಎರಡು ತಂಡಗಳಿಗೂ ಬರೆದುಕೊಂಡು ಹೋಲಿಸಿದರೆ, ಸೋಲು ಎಲ್ಲಿಂದ ಒಳಬಂದಿತೆಂಬುದು ಬಹುಮಟ್ಟಿಗೆ ಗೋಚರವಾಗುತ್ತದೆ. ನಾನು ಇದಕ್ಕಾಗಿಯೇ ಒಂದು ನೋಟುಬುಕ್ಕನ್ನು ಇಟ್ಟಿದ್ದೇನೆ. ಅದರ ಕೊನೆಯ ಪುಟಗಳಲ್ಲಿ ಈಗ ಇನ್ನೊಬ್ಬ ಹುಡುಗನ ಹೆಸರಿದೆ: ಹತ್ತೊಂಬತ್ತು ವಯಸ್ಸು, ಎತ್ತರ ಏಳಡಿಗೆ ಒಂದಂಗುಲ ಕಡಿಮೆ, ರಿಬೌಂಡಿನಲ್ಲಿ ಈ ಋತುವಿನಲ್ಲಿ ಮೂರು ಮೆಟ್ಟಿಲು ಏರಿದ್ದಾನೆ. ಮುಂದಿನ ತರಬೇತಿಯ ಫಲ ಶುಕ್ರವಾರ ಬರಬೇಕು. ಈ ವಾರ ಅವನು ಇನ್ನೂ ಹನ್ನೆರಡು ನಿಮಿಷ ಆಡುವುದಿದೆ.